ಸಮುದ್ರ ಉಳಿಸಿ ಅಂತ ಮಕ್ಕಳ ಕೈಲಿ ಚಿತ್ರ ಬಿಡಿಸಿದ್ರೆ ಏನಾದ್ರೂ ಉಪಯೋಗ ಇದ್ಯಾ?

ಪ್ರಶ್ನೆ: ನಮ್ಮ ಶಾಲೇಲಿ ಪ್ರತಿ ವರ್ಷ ಜೂನ್ 8ಕ್ಕೆ, ವಿಶ್ವ ಸಾಗರ ದಿನ ಅಂತ ಡ್ರಾಯಿಂಗ್ ಕಾಂಪಿಟಿಷನ್ ಮಾಡ್ತೀವಿ. ಮಕ್ಕಳು ಚೆನ್ನಾಗಿ ಬಿಡಿಸ್ತಾರೆ, ಪ್ರೈಜ್ ಕೊಡ್ತೀವಿ, ಅಲ್ಲಿಗೆ ಮುಗೀತು. ಇದರಿಂದ ನಿಜವಾಗ್ಲೂ ಏನಾದ್ರೂ ಆಗತ್ತಾ?

ಉತ್ತರ: ಆಗತ್ತೆ ಟೀಚರ್, ಆದ್ರೆ ಮಕ್ಕಳಿಗೆ ಏನು ಕೇಳ್ತೀರಿ ಅನ್ನೋದರ ಮೇಲೆ ಹೋಗತ್ತೆ. ಬರೀ "ಸಮುದ್ರ ಉಳಿಸಿ" ಅಂತ ಟಾಪಿಕ್ ಕೊಟ್ರೆ ಕಣ್ಣೀರು ಹಾಕೋ ಭೂಮಿ, ನೀಲಿ ನೀರು, ಎರಡು ಡಾಲ್ಫಿನ್, ಎಲ್ಲಾರದ್ದೂ ಒಂದೇ ಥರ ಬರತ್ತೆ, ಮಕ್ಕಳ ತಪ್ಪಲ್ಲ ಅದು, ನಾವು ಕೇಳಿದ್ದೇ ಅಷ್ಟು.

ಅಮೆರಿಕದಲ್ಲಿ ಸಾಗರ, ಹವಾಮಾನ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ನೋವಾ ಅಂತಿದೆ. ಅವರು ಕೆಜಿಯಿಂದ 8ನೇ ಕ್ಲಾಸ್ ತನಕದ ಮಕ್ಕಳಿಗೆ ಸಮುದ್ರದ ಕಸದ ಬಗ್ಗೆ ಚಿತ್ರ ಸ್ಪರ್ಧೆ ನಡೆಸ್ಕೊಂಡು ಬಂದಿದ್ದಾರೆ, ಗೆದ್ದ ಚಿತ್ರಗಳನ್ನ ಕ್ಯಾಲೆಂಡರ್ ಮಾಡ್ತಾರೆ. ನಂಗೆ ತುಂಬಾ ಇಷ್ಟ ಆಗಿದ್ದು ಅವರು ಕೇಳೋ ಪ್ರಶ್ನೆ: ಕಸದಿಂದ ಸಮುದ್ರಕ್ಕೆ ಏನಾಗತ್ತೆ, ಅದನ್ನ ತಡೆಯೋಕೆ ನೀನು ಏನ್ ಮಾಡ್ತಿದೀಯ? ಆ ಎರಡನೇದಕ್ಕೆ ಉತ್ತರ ಕೊಡ್ಬೇಕಂದ್ರೆ ಮಗು ತನ್ನ ಟಿಫಿನ್ ಬ್ಯಾಗ್, ಮನೆ ಕಸದ ಬುಟ್ಟಿ, ಅಂಗಡಿ ಕವರ್ ಎಲ್ಲಾ ಯೋಚನೆ ಮಾಡ್ಲೇಬೇಕು, ಮೊಬೈಲ್ ನೋಡ್ಕೊಂಡು ಕಾಪಿ ಮಾಡೋಕಾಗಲ್ಲ.

ಇನ್ನೊಂದು, ಮೊದಲು ನೋಡ್ಲಿ, ಆಮೇಲೆ ಬಿಡಿಸ್ಲಿ. ಜೂನಲ್ಲಿ ಕರಾವಳೀಲಿ ಕಡಲು ಜೋರಿರತ್ತೆ, ಜುಲೈ 31ರ ತನಕ ಯಾಂತ್ರಿಕ ಬೋಟುಗಳೇ ದಡದಲ್ಲಿರ್ತವೆ, ಆಗ ಮಕ್ಕಳನ್ನ ಬೀಚಿಗೆ ಕರ್ಕೊಂಡು ಹೋಗೋದು ಬೇಡ. ಸೆಪ್ಟೆಂಬರ್ ಮೂರನೇ ಶನಿವಾರ ಅಂತಾರಾಷ್ಟ್ರೀಯ ಕರಾವಳಿ ಸ್ವಚ್ಛತಾ ದಿನ ಬರತ್ತೆ, ಅವತ್ತಿಗೆ ಇಟ್ಕೊಳ್ಳಿ. ಒಂದು ಗಂಟೆ ಕಸ ಹೆಕ್ಕಿಸಿ, ಎಣಿಸಿ ಬರ್ಕೊಳ್ಳೋಕೆ ಹೇಳಿ, ಗುಟ್ಕಾ ಪ್ಯಾಕೆಟ್ ಎಷ್ಟು, ಚಪ್ಪಲಿ ಎಷ್ಟು, ಬಲೆ ತುಂಡು ಎಷ್ಟು ಅಂತ. ಮೀನುಗಾರರ ಮನೆ ಮಕ್ಕಳು ಕ್ಲಾಸಲ್ಲಿದ್ರೆ ಅವರನ್ನೇ ಮುಂದೆ ಬಿಡಿ, ಆ ಬಲೆ ತುಂಡು ಯಾವ ಬಲೆದು ಅಂತ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತಿರತ್ತೆ. ಹೊನ್ನಾವರ, ಕುಂದಾಪುರ ಕಡೆ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡೋಕೆ ದಡಕ್ಕೆ ಬರ್ತವೆ, ಕಡಲಾಮೆಗಳು ತೇಲೋ ಪ್ಲಾಸ್ಟಿಕ್ ಕವರನ್ನ ಜೆಲ್ಲಿಫಿಶ್ ಅನ್ಕೊಂಡು ನುಂಗ್ತವೆ, ಇಷ್ಟು ಹೇಳಿದ್ರೆ ಸಾಕು, ಕೈಲಿರೋ ಕವರನ್ನ ಮಕ್ಕಳು ಬೇರೆ ಥರಾನೇ ನೋಡ್ತಾರೆ.

ಬೆಂಗಳೂರಲ್ಲಿ ಸಮುದ್ರ ಎಲ್ಲಿದೆ ಅಂತ ಕೇಳ್ತೀರಾ? ವೃಷಭಾವತಿ ಅರ್ಕಾವತಿಗೆ ಸೇರತ್ತೆ, ಅರ್ಕಾವತಿ ಕಾವೇರಿಗೆ, ಕಾವೇರಿ ಬಂಗಾಳ ಕೊಲ್ಲಿಗೆ. ಆ ದಾರಿನೇ ಬಿಡಿಸೋಕೆ ಹೇಳಿ, ಮೋರಿಯಿಂದ ಶುರು ಮಾಡಿ.

ಬಹುಮಾನ ಕೊಡುವಾಗ ಕೈ ಚೆನ್ನಾಗಿರೋ ಮಕ್ಕಳಿಗಷ್ಟೇ ಹೋಗದ ಹಾಗೆ ನೋಡ್ಕೊಳ್ಳಿ ಪ್ಲೀಸ್, ಚಿತ್ರದ ಕೆಳಗೆ ಎರಡು ಸಾಲು ಸ್ವಂತ ಮಾತಲ್ಲಿ ಬರೀಲಿ, ಕನ್ನಡಾನೋ ತುಳುನೋ ಕೊಂಕಣಿನೋ ಯಾವುದಾದ್ರೂ ಸರಿ, ಅದಕ್ಕೂ ಮಾರ್ಕ್ಸ್ ಇರ್ಲಿ. ಗ್ಲಿಟರ್, ಥರ್ಮಾಕೋಲ್ ಬೇಡವೇ ಬೇಡ, ಅದೂ ಪ್ಲಾಸ್ಟಿಕ್ಕೇ. ಚಿತ್ರಗಳನ್ನ ಆಫೀಸ್ ರೂಮಿನ ಬೀರುಲಿ ಇಡೋ ಬದಲು ಮೀನು ಮಾರ್ಕೆಟಲ್ಲೋ, ಬೋಟು ನಿಲ್ಲೋ ಧಕ್ಕೇಲೋ, ಪಂಚಾಯಿತಿ ಗೋಡೆ ಮೇಲೋ ಅಂಟಿಸಿ. ಮುಂದಿನ ವರ್ಷ ಅದೇ ಮಗುಗೆ ಅದರದ್ದೇ ಹಳೇ ಚಿತ್ರ ವಾಪಸ್ ಕೊಡಿ, ಇದರಲ್ಲಿ ಮಾಡ್ತೀನಿ ಅಂತ ಬರ್ದಿದ್ಯಲ್ಲ ಅದು ಎಲ್ಲಿಗೆ ಬಂತು ಅಂತ ಕೇಳಿ, ಆ ವರ್ಷದ ಟಾಪಿಕ್ ಅದೇ ಆಗ್ಲಿ.