ಒಂದು ಚೀಲ ಸಿಮೆಂಟಿಗೆ ಒಂದು ರೂಪಾಯಿ: ಕಾರ್ಬನ್ ಗುರಿಯ ಖರ್ಚು ಎಷ್ಟು, ಯಾರಿಗೆ?

ಕಾರ್ಖಾನೆಗಳು ಬಿಡುವ ಹಸಿರುಮನೆ ಅನಿಲಕ್ಕೆ ಸರ್ಕಾರ ಗುರಿ ಗೊತ್ತು ಮಾಡುತ್ತದೆ ಎಂದ ಕೂಡಲೇ ಎರಡು ಮಾತು ಕೇಳಿಬರುತ್ತವೆ. ಬೆಲೆ ಏರುತ್ತದೆ, ಕೆಲಸ ಹೋಗುತ್ತದೆ. ಎರಡೂ ತಳ್ಳಿಹಾಕುವ ಮಾತಲ್ಲ. ಆದರೆ ಎಷ್ಟು ಏರುತ್ತದೆ, ಯಾರ ಕೆಲಸಕ್ಕೆ ಕುತ್ತು ಬರುತ್ತದೆ ಅಂತ ಕೂತು ಲೆಕ್ಕ ಹಾಕುವವರು ಕಡಿಮೆ. ಒಂದು ಚೀಲ ಸಿಮೆಂಟನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ.

ಸಿಮೆಂಟೇ ಯಾಕೆ ಅಂದರೆ, 2025ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ 282 ಕಾರ್ಖಾನೆಗಳಿಗೆ ಕಾನೂನಿನ ಬಲವಿರುವ ಅನಿಲದ ಗುರಿ ಹೊರಡಿಸಿತಲ್ಲ, ಅದರಲ್ಲಿ 186 ಸಿಮೆಂಟಿನವೇ. ಉಳಿದವು ಅಲ್ಯೂಮಿನಿಯಂ, ಕಾಗದ ಮತ್ತು ಕ್ಲೋರ್-ಆಲ್ಕಲಿ (ಉಪ್ಪುನೀರಿನಿಂದ ಕ್ಲೋರಿನ್, ಕಾಸ್ಟಿಕ್ ಸೋಡಾ ಮಾಡುವ) ಕಾರ್ಖಾನೆಗಳು. ಇದು ನಮ್ಮ ಕಲಬುರಗಿ ಕಡೆಯ ಬದುಕಿಗೆ ನೇರವಾಗಿ ತಾಗುವ ವಿಷಯ. ವಾಡಿ, ಸೇಡಂ, ಮಳಖೇಡದ ನೆಲದಡಿ ಸುಣ್ಣದಕಲ್ಲು ಇದೆ ಅನ್ನುವ ಕಾರಣಕ್ಕೇ ಅಲ್ಲಿ ಸಿಮೆಂಟಿನ ಚಿಮಣಿಗಳು ಎದ್ದು ನಿಂತಿವೆ.

ತೊಂದರೆ ಇರುವುದೂ ಆ ಕಲ್ಲಿನಲ್ಲೇ. 100 ಕಿಲೋ ಶುದ್ಧ ಸುಣ್ಣದಕಲ್ಲನ್ನು ಚೆನ್ನಾಗಿ ಸುಟ್ಟರೆ 56 ಕಿಲೋ ಸುಣ್ಣ ಉಳಿಯುತ್ತದೆ, 44 ಕಿಲೋ ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಇದು ಉರುವಲಿನ ಹೊಗೆ ಅಲ್ಲ, ಕಲ್ಲಿನೊಳಗೇ ಸೇರಿಕೊಂಡಿದ್ದ ಅನಿಲ. ಇಡೀ ಕಾರ್ಖಾನೆಯನ್ನು ಸೋಲಾರ್ ಕರೆಂಟಿನಲ್ಲಿ ನಡೆಸಿದರೂ ಇದು ನಿಲ್ಲುವುದಿಲ್ಲ. ಸುಮಾರು 1,450 ಡಿಗ್ರಿ ಶಾಖಕ್ಕೆ ಬೇಕಾದ ಕಲ್ಲಿದ್ದಲು, ಪೆಟ್‌ಕೋಕ್‌ಗಳ ಹೊಗೆ ಇದರ ಮೇಲೆ ಬೇರೆ. ಹಾಗಾಗಿ ಸಿಮೆಂಟಿನವರಿಗೆ ಇರುವ ಮುಖ್ಯ ದಾರಿ ಒಂದೇ: ಗೂಡಿನಲ್ಲಿ ಸುಟ್ಟು ಬರುವ ಗಟ್ಟಿ ಉಂಡೆ, ಅಂದರೆ ಕ್ಲಿಂಕರ್ ಕಡಿಮೆ ಮಾಡಿ ಬೇರೆ ಪುಡಿ ಬೆರೆಸುವುದು. ರಾಯಚೂರಿನ ಶಕ್ತಿನಗರದಂಥ ಕಡೆ ಕಲ್ಲಿದ್ದಲು ಸುಟ್ಟು ಉಳಿಯುವ ಹಾರುಬೂದಿಯನ್ನು ಶೇ 35ರವರೆಗೆ ಬೆರೆಸಬಹುದು. ತೋರಣಗಲ್ಲಿನಂಥ ಕಡೆ ಕಬ್ಬಿಣ ಕರಗಿಸುವಾಗ ಸಿಗುವ ಸ್ಲ್ಯಾಗ್ ಆದರೆ ಶೇ 70ರವರೆಗೂ ಹಾಕಬಹುದು.

ಈಗ ಲೆಕ್ಕ. ಒಂದು ಟನ್ ಸಿಮೆಂಟಿಗೆ ಸುಮಾರು 600 ಕಿಲೋ ಅನಿಲ ಅಂತ ಇಟ್ಟುಕೊಳ್ಳಿ. ಅಂದರೆ 50 ಕಿಲೋ ಚೀಲಕ್ಕೆ 30 ಕಿಲೋ. ಎರಡು ವರ್ಷದ ಕೊನೆಗೆ ಸಿಮೆಂಟಿನವರು ಕಡಿಮೆ ಮಾಡಬೇಕಾದದ್ದು ಸರಾಸರಿ ಶೇ 3ರಿಂದ 4ರ ಆಸುಪಾಸು, ಅಂದರೆ ಚೀಲಕ್ಕೆ ಬರೀ ಒಂದು ಕಿಲೋ. ಕಾರ್ಖಾನೆ ಏನೂ ಮಾಡದೆ ಕೈಕಟ್ಟಿ ಕೂತಿತು, ಆ ಒಂದು ಕಿಲೋಗೆ ಮಾರುಕಟ್ಟೆಯಿಂದ ಕಾರ್ಬನ್ ಕ್ರೆಡಿಟ್ (ಗುರಿಗಿಂತ ಹೆಚ್ಚು ಅನಿಲ ಇಳಿಸಿದವರು ಮಾರುವ ಪತ್ರ) ಕೊಂಡಿತು ಅಂತಿಟ್ಟುಕೊಳ್ಳೋಣ. ಟನ್ ಅನಿಲಕ್ಕೆ ಒಂದು ಸಾವಿರ ರೂಪಾಯಿ ಅಂದರೂ ಚೀಲಕ್ಕೆ ಬೀಳುವುದು ಒಂದು ರೂಪಾಯಿ. ಕ್ರೆಡಿಟ್ಟನ್ನೂ ಕೊಳ್ಳದಿದ್ದರೆ ಆ ವರ್ಷದ ಸರಾಸರಿ ಬೆಲೆಯ ಎರಡು ಪಟ್ಟು ಪರಿಹಾರ ಕಟ್ಟಬೇಕು ಅಂತ ನಿಯಮ ಹೇಳುತ್ತದೆ. ಆಗ ಎರಡು ರೂಪಾಯಿ. ಸಿಮೆಂಟ್ ಚೀಲದ ಬೆಲೆ ಒಂದು ಮಳೆಗಾಲದಿಂದ ಇನ್ನೊಂದಕ್ಕೆ ಇದಕ್ಕಿಂತ ಎಷ್ಟೋ ಜಾಸ್ತಿ ಮೇಲೆ ಕೆಳಗೆ ಆಗುತ್ತದೆ, ಅಲ್ವಾ?

ಇಷ್ಟು ಕಡಿಮೆ ಆಗುವುದಕ್ಕೆ ಕಾರಣ ಗುರಿ ಇಟ್ಟಿರುವ ರೀತಿ. ಕಾರ್ಖಾನೆ ವರ್ಷಕ್ಕೆ ಒಟ್ಟು ಎಷ್ಟು ಅನಿಲ ಬಿಡಬಹುದು ಅಂತ ಇಲ್ಲಿ ಮಿತಿ ಹಾಕಿಲ್ಲ. ಒಂದು ಟನ್ ಮಾಲಿಗೆ ಎಷ್ಟು ಅನ್ನುವುದಕ್ಕೆ ಮಾತ್ರ ಗುರಿ. ಬೈಕಿನ ಮೈಲೇಜ್ ಹೆಚ್ಚಿಸಿ ಅಂತ ಹೇಳಿದಂತೆ ಇದು, ತಿಂಗಳಿಗೆ ಇಷ್ಟೇ ಪೆಟ್ರೋಲ್ ಅಂತ ಅಲ್ಲ. ಉತ್ಪಾದನೆ ಎರಡು ಪಟ್ಟು ಆದರೆ ಬಿಡಬಹುದಾದ ಅನಿಲವೂ ಎರಡು ಪಟ್ಟು. ಬೆಳೆಯುತ್ತಿರುವ ದೇಶಕ್ಕೆ ಇದು ಹಿತವಾಗಿಯೇ ಇದೆ. ಆದರೆ ಪ್ರತಿ ಚೀಲದ ಅನಿಲ ಕಡಿಮೆ ಆಗುತ್ತಿರುವಾಗಲೇ ಒಟ್ಟು ಅನಿಲ ಏರುತ್ತಾ ಹೋಗಬಹುದು. ಇದನ್ನು ಮರೆಮಾಚಬಾರದು.

ಇದೇ 30 ಕಿಲೋಗೂ ಪೂರ್ತಿ ದುಡ್ಡು ಕಟ್ಟಿ ಅಂದಿದ್ದರೆ? ಟನ್ನಿಗೆ 7,000 ರೂಪಾಯಿ, ಅಂದರೆ ಯುರೋಪಿನ ಮಟ್ಟದ ಬೆಲೆ ಅಂತ ಹಿಡಿದರೆ ಚೀಲಕ್ಕೆ 210 ರೂಪಾಯಿ. ಮನೆ ಕಟ್ಟುವವರು ಕಂಗಾಲಾಗುತ್ತಾರೆ. ಗುರಿ ಅನ್ನುವ ಪದ ಒಂದೇ ಆದರೂ ಒಂದು ರೂಪಾಯಿಗೂ 210 ರೂಪಾಯಿಗೂ ನಡುವೆ ಎಲ್ಲಿ ಬೇಕಾದರೂ ಅದು ನಿಲ್ಲಬಹುದು. ಆದ್ದರಿಂದ ಗುರಿ ಒಳ್ಳೆಯದೋ ಕೆಟ್ಟದ್ದೋ ಅಂತ ಬಡಿದಾಡುವುದಕ್ಕಿಂತ ಅದನ್ನು ಎಷ್ಟು ಬಿಗಿಯಾಗಿ ಇಟ್ಟಿದ್ದಾರೆ, ಎಷ್ಟು ಮುಂಚೆ ಹೇಳಿದ್ದಾರೆ ಅಂತ ಕೇಳಬೇಕು.

ಕ್ರೆಡಿಟ್ ಮಾರಾಟದಿಂದ ಏನು ಲಾಭ? ಎರಡು ಕಾರ್ಖಾನೆ ಕಲ್ಪಿಸಿಕೊಳ್ಳಿ, ಎರಡೂ ತಲಾ 10,000 ಟನ್ ಕಡಿಮೆ ಮಾಡಬೇಕು. ಹೊಸ ಕಾರ್ಖಾನೆ ಸುಲಭದ ಕೆಲಸಗಳನ್ನೆಲ್ಲ ಮೊದಲೇ ಮುಗಿಸಿದೆ, ಅದಕ್ಕಿನ್ನು ಟನ್ನಿಗೆ 3,000 ರೂಪಾಯಿ ಖರ್ಚು. ಹಳೆಯ ಕಾರ್ಖಾನೆಯಲ್ಲಿ ಶಾಖ ಪೋಲಾಗುತ್ತಲೇ ಇದೆ, ಅದಕ್ಕೆ 600 ರೂಪಾಯಿ ಸಾಕು. ತಮ್ಮ ತಮ್ಮ ಪಾಲು ತಾವೇ ಮಾಡಿದರೆ 3 ಕೋಟಿ ಮತ್ತು 60 ಲಕ್ಷ, ಒಟ್ಟು 3.6 ಕೋಟಿ. ಹಳೆಯದೇ ಅದೇ ಖರ್ಚಿನಲ್ಲಿ 20,000 ಟನ್ ಇಳಿಸಿ, ಹೆಚ್ಚಿನ 10,000 ಟನ್ನಿನ ಕ್ರೆಡಿಟ್ಟನ್ನು ಟನ್ನಿಗೆ 1,500ರಂತೆ ಹೊಸದಕ್ಕೆ ಮಾರಿದರೆ ಒಟ್ಟು ಖರ್ಚು 1.2 ಕೋಟಿ ಅಷ್ಟೇ. ಹೊಸದಕ್ಕೆ 1.5 ಕೋಟಿ ಉಳಿತಾಯ, ಹಳೆಯದರ ಕೈಗೆ 30 ಲಕ್ಷ ಮಿಗುತ್ತದೆ. ಗಾಳಿಗೆ ಹೋಗದೆ ಉಳಿದ ಅನಿಲ ಮಾತ್ರ ಅಷ್ಟೇ.

ಕಾಗದದ ಮೇಲೆ ಇದು ಚೆಂದ. ಗುರಿ ಸಡಿಲವಾಗಿದ್ದರೆ ಮಾತ್ರ ಎಲ್ಲ ಕೆಡುತ್ತದೆ, ಮತ್ತು ಇದನ್ನು ನಾವು ಈಗಾಗಲೇ ಅನುಭವಿಸಿದ್ದೇವೆ. ಇಂಧನ ಉಳಿತಾಯಕ್ಕಾಗಿ 2012ರಲ್ಲಿ ಶುರುವಾದ ‘ಪ್ಯಾಟ್’ ಯೋಜನೆಯ ಮೊದಲ ಸುತ್ತಿನಲ್ಲಿ 478 ಕಾರ್ಖಾನೆಗಳಿದ್ದವು. ಉಳಿಸಬೇಕಾದದ್ದು ಸುಮಾರು 67 ಲಕ್ಷ ಟನ್ ತೈಲಕ್ಕೆ ಸಮನಾದ ಇಂಧನ, ಉಳಿಸಿದ್ದು ಸುಮಾರು 87 ಲಕ್ಷ. ಭಲೇ ಅನ್ನಿಸುತ್ತದೆ. ಆದರೆ ಹೆಚ್ಚಿನವರು ಗುರಿ ದಾಟಿ, ಹೆಚ್ಚುವರಿ ಉಳಿತಾಯಕ್ಕೆ ಸಿಕ್ಕ ಸರ್ಟಿಫಿಕೇಟ್ ಮಾರಲು ಹಿಡಿದು ನಿಂತರೆ ಕೊಳ್ಳುವವರು ಎಷ್ಟು ಮಂದಿ? 2017ರಲ್ಲಿ ವ್ಯಾಪಾರ ಶುರುವಾದಾಗ ಬೆಲೆ ನೆಲ ಕಚ್ಚಿತು. ಹಣ ಹಾಕಿ ಯಂತ್ರ ಬದಲಿಸಿದವರಿಗೆ ಮಾರುಕಟ್ಟೆಯಿಂದ ಬರಬೇಕಾದಷ್ಟು ಬರಲಿಲ್ಲ. ಯುರೋಪಿನಲ್ಲೂ ಹೀಗೇ ಆಗಿತ್ತು. 2005ರಲ್ಲಿ ಶುರು ಮಾಡಿ, ಅನಿಲ ಬಿಡಲು ಬೇಕಾದ ಪರ್ಮಿಟ್ಟನ್ನು ಅಗತ್ಯಕ್ಕಿಂತ ಜಾಸ್ತಿ ಹಂಚಿದರು, 2007ರ ಹೊತ್ತಿಗೆ ಬೆಲೆ ಸೊನ್ನೆಯ ಹತ್ತಿರ. ಪರ್ಮಿಟ್ ಪುಕ್ಕಟೆ ಪಡೆದ ವಿದ್ಯುತ್ ಕಂಪನಿಗಳು ಅದರ ಬೆಲೆಯನ್ನು ಜನರ ಬಿಲ್ಲಿಗೆ ಸೇರಿಸಿ ಲಾಭ ಮಾಡಿಕೊಂಡವು. ಆಮೇಲೆ ಹರಾಜು ತಂದರು, ಮಿತಿ ಬಿಗಿ ಮಾಡಿದರು. 2023ರ ಫೆಬ್ರುವರಿಯಲ್ಲಿ ಬೆಲೆ ಟನ್ನಿಗೆ 100 ಯೂರೋ ಮುಟ್ಟಿತು. ಆ ವರ್ಷದ ಕೊನೆಗೆ ಈ ಪರ್ಮಿಟ್ ಪದ್ಧತಿಗೆ ಒಳಪಟ್ಟ ವಿದ್ಯುತ್ ಸ್ಥಾವರ, ಕಾರ್ಖಾನೆಗಳ ಅನಿಲ 2005ಕ್ಕಿಂತ ಸುಮಾರು ಶೇ 47 ಕಡಿಮೆ ಆಗಿತ್ತು. ಯುರೋಪಿನ ಆರ್ಥಿಕತೆ ಆ ಅವಧಿಯಲ್ಲಿ ಬೆಳೆದೇ ಇತ್ತು.

ಗುರಿ ಇಡದೆ ಸುಮ್ಮನಿದ್ದರೆ ಖರ್ಚೇ ಇಲ್ಲ ಅಂದುಕೊಳ್ಳುವುದೂ ತಪ್ಪು. ಹೊರಗಿನಿಂದ ಬರುವ ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರದ ಮೇಲೆ ಯುರೋಪು 2026ರ ಜನವರಿಯಿಂದ ಗಡಿ ಕಾರ್ಬನ್ ಶುಲ್ಕದ ಲೆಕ್ಕ ಶುರು ಮಾಡಿದೆ. ಮೊದಲ ವರ್ಷ ಶೇ 2.5ರಷ್ಟು ಮಾತ್ರ, 2030ಕ್ಕೆ ಶೇ 48.5, 2034ಕ್ಕೆ ಪೂರ್ತಿ. ಮಾಲು ತಯಾರಾದ ದೇಶದಲ್ಲೇ ಕಾರ್ಬನ್ನಿಗೆ ಬೆಲೆ ಕಟ್ಟಿದ್ದರೆ ಅಷ್ಟನ್ನು ಕಳೆಯುತ್ತಾರೆ. ಭಾರತದಲ್ಲಿ ಒಂದು ಟನ್ ಉಕ್ಕಿಗೆ ಸರಾಸರಿ ಎರಡೂವರೆ ಟನ್ ಅನಿಲ ಹೊರಡುತ್ತದೆ. ಇಲ್ಲಿ ಆ ಹಣ ವಸೂಲಾಗದಿದ್ದರೆ ಅದು ಯುರೋಪಿನ ಖಜಾನೆಗೆ ಹೋಗುತ್ತದೆ. ಆದರೂ 282ರ ಮೊದಲ ಪಟ್ಟಿಯಲ್ಲಿ ಉಕ್ಕು ಇರಲಿಲ್ಲ. ಅದು ನನಗೆ ಸರಿ ಕಾಣಲಿಲ್ಲ.

ಇನ್ನು ಕೆಲಸದ ಮಾತು. ಚೀಲಕ್ಕೆ ಒಂದು ರೂಪಾಯಿಯಿಂದ ಸೇಡಂನಲ್ಲಿ ಯಾವ ಗೂಡೂ ಆರುವುದಿಲ್ಲ. ಆದರೆ ಗುರಿ ಮುಂದೆ ಬಿಗಿಯಾದಂತೆ ಚೀಲದೊಳಗಿನ ಕ್ಲಿಂಕರ್ ಕಡಿಮೆಯಾಗುತ್ತದೆ, ಜೊತೆಗೆ ಕಲ್ಲಿನ ಗಣಿ ಕೆಲಸ, ಗಣಿಯಿಂದ ಗೂಡಿಗೆ ಓಡುವ ಟಿಪ್ಪರುಗಳ ಬಾಡಿಗೆ ಕೂಡ. ಮೊದಲ ಪೆಟ್ಟು ಬೀಳುವುದು ಗುತ್ತಿಗೆ ಕಾರ್ಮಿಕರಿಗೆ, ಅವರ ಹೆಸರು ಕಂಪನಿಯ ಖಾಯಂ ಪಟ್ಟಿಯಲ್ಲಿ ಇರುವುದೇ ಇಲ್ಲ. ಯುರೋಪಿನ ಸರ್ಕಾರಗಳಿಗೆ ಪರ್ಮಿಟ್ ಹರಾಜಿನಿಂದ ದುಡ್ಡು ಬರುತ್ತದೆ, ಅದರಲ್ಲಿ ಇಂಥವರಿಗೆ ನೆರವು ಕೊಡಬಹುದು. ನಮ್ಮ ಪದ್ಧತಿಯಲ್ಲಿ ಹಣ ಕಾರ್ಖಾನೆಯಿಂದ ಕಾರ್ಖಾನೆಗೆ ಹೋಗುತ್ತದೆ, ಸರ್ಕಾರದ ಕಡೆಗೆ ಬರುವುದು ದಂಡದಂಥ ಪರಿಹಾರ ಮಾತ್ರ. ಕಾರ್ಮಿಕರಿಗೆ ಹೊಸ ಕೆಲಸ ಕಲಿಸುವ ಖರ್ಚು ಯಾರದು ಅನ್ನುವುದಕ್ಕೆ ಈ ಯೋಜನೆಯಲ್ಲಿ ಜಾಗವೇ ಇಲ್ಲ. ಇದು ನನಗೆ ಅದರ ದೊಡ್ಡ ಕೊರತೆ ಅನ್ನಿಸುತ್ತದೆ.

ಇನ್ನೊಂದು ಕೊರತೆ ಕಾಲದ್ದು. ಈಗಿನ ಗುರಿ 2026-27ರವರೆಗೆ ಮಾತ್ರ. ಸಿಮೆಂಟಿನ ಗೂಡೊಂದು ಕಟ್ಟಿದರೆ ಮೂವತ್ತು ನಲವತ್ತು ವರ್ಷ ಉರಿಯುತ್ತದೆ. ಇವತ್ತು ಕಟ್ಟಿದ್ದು 2060ರ ಹೊತ್ತಿಗೂ ಇರುತ್ತದೆ, ಭಾರತ ನೆಟ್ ಝೀರೋ (ಬಿಡುವಷ್ಟು ಅನಿಲವನ್ನು ಹೀರಿಸಿ ಸರಿದೂಗಿಸುವ ಹಂತ) ಮುಟ್ಟುತ್ತೇನೆ ಎಂದಿರುವುದು 2070ಕ್ಕೆ. ಕಲ್ಲಿದ್ದಲು ಸ್ಥಾವರಗಳು ಕಡಿಮೆಯಾದಂತೆ ಹಾರುಬೂದಿಯೂ ಸಿಗುವುದು ಕಷ್ಟ. ಸುಮಾರು 800 ಡಿಗ್ರಿಯಲ್ಲೇ ಸುಟ್ಟ ಜೇಡಿಮಣ್ಣು ಮತ್ತು ಸುಡದ ಸುಣ್ಣದಕಲ್ಲಿನ ಪುಡಿ ಬೆರೆಸಿ ಕ್ಲಿಂಕರನ್ನು ಅರ್ಧಕ್ಕೆ ಇಳಿಸುವ ಸಿಮೆಂಟಿಗೆ 2023ರಲ್ಲೇ ಭಾರತೀಯ ಮಾನಕ ಬಂದಿದೆ. ಅದಕ್ಕೆ ಹೊಸ ಗೂಡು, ಹೊಸ ಗ್ರೈಂಡಿಂಗ್ ವ್ಯವಸ್ಥೆ ಬೇಕು, ಬ್ಯಾಂಕಿನ ಸಾಲವೂ ಬೇಕು. ಎರಡು ವರ್ಷದ ಗುರಿ ನೋಡಿ ಯಾವ ಬ್ಯಾಂಕೂ ಹದಿನೈದು ವರ್ಷದ ಸಾಲ ಕೊಡಲು ಮುಂದೆ ಬರುವುದಿಲ್ಲ. 2035ರವರೆಗಿನ ಗುರಿಯನ್ನು ಈಗಲೇ ಹೇಳಿಬಿಟ್ಟರೆ, ಅದು ಎಷ್ಟೇ ಬಿಗಿಯಾಗಿದ್ದರೂ, ಉದ್ಯಮಕ್ಕೆ ಈಗಿನ ಅನಿಶ್ಚಿತತೆಗಿಂತ ಅಗ್ಗ ಬೀಳುತ್ತದೆ.