ನಂದಿ ಬೆಟ್ಟದ ಮರೆಯಲ್ಲಿ ವಿಓಆರ್ ಸೂಜಿ

ಬಹಳಷ್ಟು ಫ್ಲೈಟ್ ಸಿಮ್ಯುಲೇಟರ್‌ಗಳಲ್ಲಿ ಪ್ರತಿ ವಿಓಆರ್ ಕೇಂದ್ರದ, ಅಂದರೆ ವಿಮಾನಕ್ಕೆ ದಿಕ್ಕು ಹೇಳುವ ರೇಡಿಯೊ ಕೇಂದ್ರದ, ಸುತ್ತ ಒಂದು ವೃತ್ತ ಎಳೆದಿರುತ್ತಾರೆ. ವಿಮಾನ ಒಳಗಿದ್ದರೆ ಪೈಲಟ್‌ನ ಮುಂದಿನ ಉಪಕರಣದ ಸೂಜಿ ನೆಟ್ಟಗೆ ನಿಲ್ಲುತ್ತದೆ, ಹೊರಗೆ ಹೋದರೆ ಸಿಗ್ನಲ್ ಇಲ್ಲ. ನಡುವೆ ಬೆಟ್ಟವೋ ಬಯಲೋ ಎಂಬ ವಿಚಾರವೇ ಬರುವುದಿಲ್ಲ. ಚಿಕ್ಕಬಳ್ಳಾಪುರದಲ್ಲಿ ಕೂತು ಈ ರೇಡಿಯೊ ಭಾಗದ ಕೋಡ್ ಬರೆಯುವ ನಾನು ಇದನ್ನು ಒಪ್ಪಲಾರೆ. ನಮಗೂ ವಿಮಾನ ನಿಲ್ದಾಣಕ್ಕೂ ನಡುವೆ ನಂದಿಯ ಸಾಲೇ ನಿಂತಿದೆ.

ಲೆಕ್ಕ ಹಾಕಿ ನೋಡಿ. ದೇವನಹಳ್ಳಿ ಬಳಿಯ ಕೆಂಪೇಗೌಡ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಉತ್ತರಕ್ಕೆ ಹೆಚ್ಚುಕಡಿಮೆ 19 ಕಿ.ಮೀ. ದೂರದ ನಂದಿ ಬೆಟ್ಟದ ನೆತ್ತಿ 1,478 ಮೀಟರ್. ನಿಲ್ದಾಣದಿಂದ ಆ ನೆತ್ತಿ ಸವರಿಕೊಂಡು ಹೋಗುವ ಗೆರೆ, ಬೆಟ್ಟ ದಾಟಿ 10 ಕಿ.ಮೀ. ಹೋಗುವಷ್ಟರಲ್ಲಿ 5,800 ಅಡಿಯ ಹತ್ತಿರ ಇರುತ್ತದೆ. ಅಲ್ಲಿ 5,500 ಅಡಿಯಲ್ಲಿ ಹಾರುವ ವಿಮಾನಕ್ಕೆ ನಿಲ್ದಾಣದ ವಿಓಆರ್ ಮರೆಯಾಗಿರುತ್ತದೆ. ಆದರೆ ಪಠ್ಯಪುಸ್ತಕದ ಸೂತ್ರ, ಅಂದರೆ ನಿಲ್ದಾಣದ ನೆಲದಿಂದ ವಿಮಾನ ಎಷ್ಟು ಅಡಿ ಮೇಲಿದೆಯೋ ಅದರ ವರ್ಗಮೂಲವನ್ನು 1.23ರಿಂದ ಗುಣಿಸುವುದು, ಅದೇ ವಿಮಾನಕ್ಕೆ 60 ನಾಟಿಕಲ್ ಮೈಲಿವರೆಗೂ ಸಿಗ್ನಲ್ ಸಿಗುತ್ತದೆ ಎನ್ನುತ್ತದೆ. ಸೂತ್ರ ಭೂಮಿಯ ದುಂಡನ್ನು ಬಲ್ಲದು, ಬೆಟ್ಟವನ್ನಲ್ಲ.

ಹಾಗೆಂದು ಬೆಟ್ಟದ ಹಿಂದೆ ಸಿಗ್ನಲ್ ಒಮ್ಮೆಗೇ ಸಾಯುವುದೂ ಇಲ್ಲ. ವಿಓಆರ್ 108ರಿಂದ 117.95 ಮೆಗಾಹರ್ಟ್ಸ್‌ನಲ್ಲಿ, ಎಫ್‌ಎಂ ರೇಡಿಯೊದ ಮಗ್ಗುಲಲ್ಲೇ ಕೆಲಸ ಮಾಡುತ್ತದೆ. ಎರಡೂವರೆ ಮೀಟರಿಗೂ ಉದ್ದದ ಈ ಅಲೆ ಬೆಟ್ಟದ ಅಂಚಿನಲ್ಲಿ ಒಂದಿಷ್ಟು ಬಾಗಿ ಆಚೆಗೆ ಇಳಿಯುತ್ತದೆ. ಬಂಡೆಗಳಿಗೆ ಬಡಿದು ಬಂದ ಅಲೆಯೂ ಸೇರಿಕೊಂಡರೆ ಸೂಜಿ ತೂಗಾಡುತ್ತದೆ, ಸಿಗ್ನಲ್ ಇನ್ನೂ ಸೊರಗಿದಾಗ ಎಚ್ಚರಿಕೆಯ ಫ್ಲ್ಯಾಗ್ ಬೀಳುತ್ತದೆ.

ಇದನ್ನು ಕೋಡಿಗೆ ತರುವುದು ಈಗ ಕಷ್ಟವಲ್ಲ. 2000ದ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯ ರೇಡಾರ್ ಅಳೆದ ಎಸ್‌ಆರ್‌ಟಿಎಂ ನೆಲದೆತ್ತರದ ದತ್ತಾಂಶ ಉಚಿತವಾಗಿ ಸಿಗುತ್ತದೆ. ಕೇಂದ್ರದಿಂದ ವಿಮಾನದವರೆಗಿನ ನೆಲದ ಏರಿಳಿತವನ್ನು ಅದರಿಂದ ತೆಗೆದು, ವಾತಾವರಣದಲ್ಲಿ ಅಲೆ ಬಾಗುವುದಕ್ಕಾಗಿ ಭೂಮಿಯ ತ್ರಿಜ್ಯವನ್ನು 4/3 ಪಟ್ಟು ಹಿಗ್ಗಿಸಿ, ರೇಡಿಯೊ ಅಲೆಯ ಹರಿವನ್ನು ಲೆಕ್ಕ ಹಾಕುವ ಲಾಂಗ್ಲಿ-ರೈಸ್ ಮಾದರಿಗೆ ಕೊಟ್ಟರೆ ಸಿಗ್ನಲ್ ಎಷ್ಟು ಕುಗ್ಗಿತೆಂದು ತಿಳಿಯುತ್ತದೆ. ಮುಕ್ತ ತಂತ್ರಾಂಶವಾದ ಫ್ಲೈಟ್‌ಗಿಯರ್‌ನ ರೇಡಿಯೊ ಕೋಡಿನಲ್ಲೂ ಈ ಮಾದರಿ ಇದೆ. ಪ್ರತಿ ಫ್ರೇಮಿಗೂ ಲೆಕ್ಕ ಹಾಕುವುದು ದಂಡ, ಸೆಕೆಂಡಿಗೊಮ್ಮೆ ಸಾಕು.

"ಸಾರ್, ಬೆಟ್ಟದ ಹಿಂದೆ ಹೋದ್ರೆ ಸೂಜಿ ಅಲ್ಲಾಡುತ್ತೆ, ಬಗ್ ಇರಬೇಕು" ಎಂದು ಕಲಿಯುವ ಹುಡುಗರು ಬಂದು ಹೇಳುತ್ತಾರೆ. ಕೇಂದ್ರ ತನ್ನ ಗುರುತನ್ನು ಚುಕ್ಕೆ-ಗೆರೆಯ ಸದ್ದಿನಲ್ಲಿ ಸಾರುವ ಮೋರ್ಸ್ ಗುರುತು ಕೇಳಿಸುತ್ತಿದೆಯೇ ಎಂದು ಅವರನ್ನು ಕೇಳುತ್ತೇನೆ. ಅನೇಕ ಸಿಮ್ಯುಲೇಟರ್‌ಗಳಲ್ಲಿ ಸೂಜಿ ಹೇಗೇ ಇರಲಿ, ಆ ಗುರುತು ಮಾತ್ರ ಸ್ಟುಡಿಯೊ ಧ್ವನಿಯಂತೆ ಸ್ವಚ್ಛವಾಗಿರುತ್ತದೆ. ನಾನು ಬಿಟ್ಟುಕೊಡದ ವಿಷಯ ಇದೊಂದೇ: ಸೂಜಿ, ಫ್ಲ್ಯಾಗ್, ಮೋರ್ಸ್ ಮೂರೂ ಒಂದೇ ಸಿಗ್ನಲ್ ಬಲದ ಅಂಕಿಯಿಂದ ನಡೆಯಬೇಕು. ಗುರುತು ಕೇಳದಿದ್ದರೆ ಸೂಜಿಯನ್ನು ನಂಬಬಾರದು ಎಂಬುದು ಪೈಲಟ್‌ನ ಮೊದಲ ಪಾಠಗಳಲ್ಲೊಂದು. ಗುರುತು ಎಂದೂ ಮಂಕಾಗದ ಯಂತ್ರದಲ್ಲಿ ಆ ಅಭ್ಯಾಸ ಬೆಳೆಯುವುದಾದರೂ ಹೇಗೆ?

ಕೇಂದ್ರದಿಂದ ಎಷ್ಟು ದೂರ ಎಂದು ಹೇಳುವ ಡಿಎಂಇ ಇದಕ್ಕಿಂತ ಸುಲಭ. ಅದು ತೋರಿಸುವುದು ಓರೆ ದೂರ, ಕೇಂದ್ರದ ನೆತ್ತಿಯ ಮೇಲೆ 6,076 ಅಡಿಯಲ್ಲಿದ್ದರೆ ಸೊನ್ನೆಯ ಬದಲು 1 ನಾಟಿಕಲ್ ಮೈಲಿ ಬರಬೇಕು. ಎಲ್ಲ ದಿಕ್ಕಿಗೂ ಒಂದೇ ಬಗೆಯ ಅಲೆ ಬಿಡುವ ರೇಡಿಯೊ ಕೇಂದ್ರವಾದ ಎನ್‌ಡಿಬಿಯದು ಬೇರೆಯೇ ಸ್ವಭಾವ. ಕಿಲೋಹರ್ಟ್ಸ್‌ಗಳ ಆ ಉದ್ದನೆಯ ಅಲೆ ನೆಲದ ಮೇಲೆ ಹರಿದು ಬರುತ್ತದೆ. ರಾತ್ರಿಯಲ್ಲಿ ಅಯಾನುಗೋಳಕ್ಕೆ ತಾಗಿ ಮರಳಿದ ಅಲೆ ಅದರೊಂದಿಗೆ ಬೆರೆತು ಸೂಜಿಯನ್ನು ಅಲೆದಾಡಿಸುತ್ತದೆ, ಗುಡುಗಿನ ಮೋಡ ಹತ್ತಿರವಿದ್ದರೆ ಸೂಜಿ ಕೇಂದ್ರ ಬಿಟ್ಟು ಮಿಂಚಿನ ಕಡೆಗೇ ತಿರುಗುತ್ತದೆ. ಸಿಮ್ಯುಲೇಟರ್‌ನಲ್ಲಿ ಹವಾಮಾನದ ಕೋಡ್ ಮಿಂಚನ್ನು ಎಲ್ಲಿ ಬಿಡಿಸುತ್ತದೋ ಆ ಜಾಗವನ್ನು ರೇಡಿಯೊ ಕೋಡಿಗೂ ತಿಳಿಸಿದರೆ ಇಷ್ಟೂ ಸಾಧ್ಯ.