ಸ್ಪೀಕರ್ ಬದಲಿಸುವ ಮುಂಚೆ ಸೋಫಾ ಸರಿಸಿ ನೋಡಿ

“ಬಾಸ್ ಬರೀ ಗುಂಯ್ ಅನ್ನುತ್ತೆ, ಹಾಡಿನ ಮಾತೇ ಸರಿಯಾಗಿ ಕೇಳಿಸಲ್ಲ, ಆಂಪ್ಲಿಫೈಯರ್ ಬದಲಿಸಲಾ ಸರ್?” ಮನೆಗಳಲ್ಲಿ ಸ್ಟೀರಿಯೊ ಹೊಂದಿಸಿ ಕೊಡುವ ಕೆಲಸದಲ್ಲಿ ನಾನು ಇದಕ್ಕಿಂತ ಜಾಸ್ತಿ ಕೇಳಿದ ಪ್ರಶ್ನೆ ಇನ್ನೊಂದಿಲ್ಲ. ಆಂಪ್ಲಿಫೈಯರ್ ಯಾವ ಕಂಪನಿಯದು ಅಂತ ನಾನು ವಿಚಾರಿಸುವುದೇ ಇಲ್ಲ. ಕೋಣೆಯ ಒಂದು ಫೋಟೊ ಕಳಿಸಿ ಅನ್ನುತ್ತೇನೆ. ಫೋಟೊದಲ್ಲಿ ಹೆಚ್ಚುಕಮ್ಮಿ ಯಾವಾಗಲೂ ಕಾಣುವುದು ಒಂದೇ: ಓಡಾಡಲು ಜಾಗ ಉಳಿಯಲಿ ಅಂತ ಎರಡೂ ಸ್ಪೀಕರ್ ಮೂಲೆ ಸೇರಿರುತ್ತವೆ, ಸೋಫಾ ಎದುರು ಗೋಡೆಗೆ ಆತುಕೊಂಡಿರುತ್ತದೆ, ನಡುವೆ ಗಾಜಿನ ಟೀಪಾಯಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಕೋಣೆ ಸದ್ದನ್ನು ಕೆಡಿಸುವುದು ಎರಡು ಬಗೆಯಲ್ಲಿ. ಬಾಸ್ (ಹಾಡಿನ ತಳದ ದಪ್ಪ ಸದ್ದು) ಕೆಡುವುದು ಕೋಣೆಯ ಅಳತೆಯಿಂದ, ಸ್ಪೀಕರ್ ಮತ್ತು ನೀವು ಇರುವ ಜಾಗದಿಂದ. ಮೇಲಿನ ಸ್ವರಗಳು ಕೆಡುವುದು ಗೋಡೆ, ನೆಲ, ಗಾಜು, ಬಟ್ಟೆಗಳಿಂದ. ಒಂದರ ಮದ್ದು ಇನ್ನೊಂದಕ್ಕೆ ತಾಗುವುದಿಲ್ಲ. ಆದರೆ ಜನ ಮಾಡುವುದು ಅದನ್ನೇ. ಬಾಸ್ ಗುಂಯ್‌ಗುಡುತ್ತದೆ ಅಂತ ಗೋಡೆಗೆ ತೆಳು ಫೋಮ್ ಅಂಟಿಸುತ್ತಾರೆ. ಬಾಸ್ ಹಾಗೇ ಉಳಿಯುತ್ತದೆ, ಜೊತೆಗೆ ತಾಳದ ಹೊಳಪೂ ಹೋಗುತ್ತದೆ.

ಯಾಕೆ ಹೀಗೆ? ಅಲೆಯ ಉದ್ದ ನೋಡಿ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 50 ಹರ್ಟ್ಸ್‌ನ (ಸೆಕೆಂಡಿಗೆ 50 ಕಂಪನದ) ಬಾಸ್ ಅಲೆ ಒಂದೊಂದೂ ಸುಮಾರು 7 ಮೀಟರ್ ಉದ್ದ. 5000 ಹರ್ಟ್ಸ್‌ನದು ಸುಮಾರು 7 ಸೆಂಟಿಮೀಟರ್. ಪರದೆ, ದಿಂಬು, ಕಾರ್ಪೆಟ್ ಎಲ್ಲ 7 ಸೆಂಟಿಮೀಟರಿನ ಅಲೆಗೆ ದೊಡ್ಡ ಅಡ್ಡಿ. 7 ಮೀಟರಿನ ಅಲೆಗೆ ಅವು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಮೊದಲು ಬಾಸ್ ವಿಷಯ, ತೊಂದರೆ ಜಾಸ್ತಿ ಇರುವುದು ಇಲ್ಲೇ. ಎದುರುಬದುರು ಗೋಡೆಗಳ ನಡುವೆ ಅಲೆ ಹೋಗಿ ಬಂದು ಕೆಲವು ಸ್ವರಗಳಲ್ಲಿ ನಿಂತುಬಿಡುತ್ತದೆ. 343ನ್ನು ಕೋಣೆಯ ಉದ್ದದ ಎರಡು ಪಟ್ಟಿನಿಂದ ಭಾಗಿಸಿದರೆ ಮೊದಲನೆಯ ಸ್ವರ ಸಿಗುತ್ತದೆ. 4 ಮೀಟರ್ ಉದ್ದಕ್ಕೆ 43 ಹರ್ಟ್ಸ್, ಆಮೇಲೆ ಅದರ ಎರಡರಷ್ಟು, ಮೂರರಷ್ಟು, ಹೀಗೆ. 3 ಮೀಟರ್ ಅಗಲಕ್ಕೆ 57. ಚೌಕ ಕೋಣೆಯಲ್ಲಿ ಉದ್ದ ಅಗಲ ಎರಡೂ ಒಂದೇ ಸ್ವರವನ್ನು ಎತ್ತಿ ಹಿಡಿಯುತ್ತವೆ, ಅದಕ್ಕೇ ಅಲ್ಲಿ ಕಾಟ ಜಾಸ್ತಿ. ಗೋಡೆ ಬದಲಿಸಲು ಆಗುವುದಿಲ್ಲ, ಅಲ್ವಾ? ಕುರ್ಚಿ ಬದಲಿಸಬಹುದು.

ನಿಂತ ಅಲೆಯ ಒತ್ತಡ ಗೋಡೆಯ ಹತ್ತಿರ ಅತಿ ಹೆಚ್ಚು. ಮೊದಲನೆಯ ಸ್ವರಕ್ಕೆ ಕೋಣೆಯ ನಡುಮಧ್ಯದಲ್ಲಿ ಅತಿ ಕಮ್ಮಿ. ಸೋಫಾವನ್ನು ಹಿಂದಿನ ಗೋಡೆಗೆ ಒತ್ತಿ ಕೂತರೆ ಈ ಎಲ್ಲ ಸ್ವರಗಳೂ ಒಟ್ಟಿಗೆ ಉಬ್ಬಿ ಕೇಳುತ್ತವೆ, ಸರಿಯಾಗಿ ಮಧ್ಯದಲ್ಲಿ ಕೂತರೆ ತಳದ ಸ್ವರವೇ ಮಾಯವಾಗುತ್ತದೆ. ಉದ್ದದ ಶೇಕಡ 38ರಷ್ಟು ದೂರದಲ್ಲಿ ಕೂತು ಶುರು ಮಾಡಿ ಅನ್ನುವುದು ನಮ್ಮಲ್ಲಿ ಬಳಕೆಯಲ್ಲಿರುವ ಲೆಕ್ಕ. 4 ಮೀಟರ್ ಕೋಣೆಯಲ್ಲಿ ಗೋಡೆಯಿಂದ ಸುಮಾರು 1.5 ಮೀಟರ್. ಇದು ಶಾಸನ ಏನಲ್ಲ, ಅಲ್ಲಿಂದ ಹಿಂದೆ ಮುಂದೆ ಸರಿದು ಕಿವಿಯಿಂದಲೇ ತೀರ್ಮಾನಿಸಬೇಕು. ಅಷ್ಟು ಜಾಗ ಇಲ್ಲ ಅಂದರೆ ಸೋಫಾವನ್ನು ಗೋಡೆಯಿಂದ 30 ಸೆಂಟಿಮೀಟರ್ ಮುಂದಕ್ಕಾದರೂ ಎಳೆಯಿರಿ, ವ್ಯತ್ಯಾಸ ಗೊತ್ತಾಗುತ್ತದೆ.

ನಂಬಿಕೆ ಬರದಿದ್ದರೆ ಒಂದು ಪರೀಕ್ಷೆ ಮಾಡಿ. ಟೋನ್ ಜನರೇಟರ್ ಆ್ಯಪ್‌ನಲ್ಲಿ ನಿಮ್ಮ ಕೋಣೆಯ ಆ ಮೊದಲನೆಯ ಸ್ವರ ಹಾಕಿ, ಫೋನನ್ನು ಸ್ಟೀರಿಯೊಗೆ ಜೋಡಿಸಿ (ಫೋನಿನ ಸ್ವಂತ ಸ್ಪೀಕರ್‌ಗೆ ಅಷ್ಟು ಕೆಳಗಿನ ಸದ್ದು ಹೊರಡಿಸುವ ತಾಕತ್ತಿಲ್ಲ), ಮಟ್ಟ ಮೆಲ್ಲಗಿರಲಿ, ಕೋಣೆಯಲ್ಲಿ ಸುಮ್ನೆ ಓಡಾಡಿ. ಒಂದು ಕಡೆ ಎದೆಗೆ ಗುದ್ದುವ ಸದ್ದು ಎರಡು ಹೆಜ್ಜೆ ಇಟ್ಟರೆ ಸತ್ತೇಹೋಗಿರುತ್ತದೆ. ಒಂದೇ ಸ್ಪೀಕರ್, ಒಂದೇ ವಾಲ್ಯೂಮ್.

ಸ್ಪೀಕರ್ ಇಡುವ ಜಾಗವೂ ಹೀಗೇ. ಹತ್ತಿರದ ಒಂದೊಂದು ಗೋಡೆಯೂ ತಳದ ಬಾಸನ್ನು ಲೆಕ್ಕದ ಪ್ರಕಾರ 6 ಡೆಸಿಬಲ್‌ವರೆಗೆ (ಡೆಸಿಬಲ್ ಅಂದರೆ ಸದ್ದಿನ ಮಟ್ಟದ ಅಳತೆ) ಏರಿಸುತ್ತದೆ. ಮೂಲೆಯಲ್ಲಿ ಎರಡು ಗೋಡೆ ಸೇರುತ್ತವೆ, ಜೊತೆಗೆ ನೆಲ. ಚಿಕ್ಕ ಸ್ಪೀಕರ್ ಇರುವವರಿಗೆ ಇದು ಪುಕ್ಕಟೆ ಬಾಸ್ ಅನ್ನಿಸಬಹುದು, ಆದರೆ ಬರುವುದು ಗಟ್ಟಿಯಾದ ಮದ್ದಳೆ ಪೆಟ್ಟಲ್ಲ, ಎಳೆದಾಡುವ ಗುಂಯ್. ಹಾಗಂತ ಮುಂದಕ್ಕೆ ಎಳೆದಷ್ಟೂ ಒಳ್ಳೆಯದು ಅಂತಲೂ ಇಲ್ಲ. ಹಿಂದಿನ ಗೋಡೆಗೆ ಹೋಗಿ ತಿರುಗಿ ಬಂದ ಅಲೆ ಒಂದು ಸ್ವರದಲ್ಲಿ ನೇರ ಅಲೆಯನ್ನು ಹೊಡೆದುಹಾಕುತ್ತದೆ. ಗೋಡೆ 1 ಮೀಟರ್ ಹಿಂದಿದ್ದರೆ ಅದು ಸುಮಾರು 86 ಹರ್ಟ್ಸ್, ಅರ್ಧ ಮೀಟರ್ ಇದ್ದರೆ ಸುಮಾರು 172. ಆದ್ದರಿಂದ ನಾನು ನೋಡುವುದು ಒಂದನ್ನೇ: ವೂಫರ್‌ನಿಂದ (ಸ್ಪೀಕರಿನಲ್ಲಿ ಬಾಸ್ ಹೊರಡಿಸುವ ದೊಡ್ಡ ಭಾಗ) ಹಿಂದಿನ ಗೋಡೆ, ಪಕ್ಕದ ಗೋಡೆ, ನೆಲ, ಈ ಮೂರೂ ದೂರಗಳು ಬೇರೆ ಬೇರೆ ಇರಬೇಕು. ಮೂರೂ ಒಂದೇ ಆದರೆ ಹೀಗೆ ಸದ್ದು ಅಳಿಯುವ ಹಳ್ಳಗಳೆಲ್ಲ ಒಂದೇ ಸ್ವರದಲ್ಲಿ ಬೀಳುತ್ತವೆ.

ಸಬ್‌ವೂಫರ್ (ಬಾಸ್‌ಗೆಂದೇ ಇರುವ ಬೇರೆ ಸ್ಪೀಕರ್) ಇದ್ದರೆ ಕೆಲಸ ಇನ್ನೂ ಸುಲಭ, ನೋಡುವವರಿಗೆ ನಗು ಬರುತ್ತದೆ ಅಷ್ಟೆ. ಅದನ್ನು ನೀವು ಕೂರುವ ಜಾಗದಲ್ಲೇ ಇಟ್ಟು ಬಾಸ್ ಇರುವ ಹಾಡು ಹಾಕಿ, ಗೋಡೆಯ ಪಕ್ಕ ಮಂಡಿಯೂರಿ ಅಂಬೆಗಾಲಿಡುತ್ತಾ ಕೇಳಿ. ಎಲ್ಲಿ ಬಾಸ್ ಸಮನಾಗಿ ಕೇಳುತ್ತದೋ ಅಲ್ಲಿ ಸಬ್‌ವೂಫರ್ ಇಡಿ. ಸದ್ದಿನ ದಾರಿ ಎರಡು ದಿಕ್ಕಿಗೂ ಒಂದೇ ಆದ್ದರಿಂದ ಇದು ಸರಿಹೋಗುತ್ತದೆ.

ಇನ್ನು ಬಟ್ಟೆ, ಪೀಠೋಪಕರಣದ ವಿಷಯ. ಇದರ ಲೆಕ್ಕ ಮೊದಲು ಹಾಕಿದವರು ಹಾರ್ವರ್ಡ್‌ನ ವ್ಯಾಲೇಸ್ ಸ್ಯಾಬಿನ್. 1895ರ ಸುಮಾರಿಗೆ ಅಲ್ಲಿನ ಫಾಗ್ ಉಪನ್ಯಾಸ ಕೋಣೆಯಲ್ಲಿ ಆಡಿದ ಮಾತು 5 ಸೆಕೆಂಡಿಗೂ ಹೆಚ್ಚು ಹೊತ್ತು ಉಳಿಯುತ್ತಿತ್ತು. ಅವರು ಬೇರೆ ರಂಗಮಂದಿರದ ಸೀಟಿನ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಒಂದಿಷ್ಟು ಹಾಸಿದ ಮೇಲೆ ಸದ್ದು ಎಷ್ಟು ಬೇಗ ಅಡಗುತ್ತದೆ ಅಂತ ಆರ್ಗನ್ ಕೊಳವೆ ಊದಿಸಿ ಅಳೆದರು. ಆ ಕೊಳವೆಯ ಸ್ವರ 512 ಹರ್ಟ್ಸ್. ಅಂದರೆ ಮೆತ್ತೆ ಗೆದ್ದದ್ದು ನಡುಸ್ವರದಲ್ಲಿ, ಬಾಸ್‌ನಲ್ಲಲ್ಲ.

ನಿಮ್ಮ ಕೋಣೆಯ ಮಧ್ಯೆ ನಿಂತು ಒಂದು ಚಪ್ಪಾಳೆ ತಟ್ಟಿ. ಝ್ರಿಂಗ್ ಅಂತ ಲೋಹದ ಬಾಲ ಬಂದರೆ ಎರಡು ಬರಿಗೋಡೆಗಳು ಸದ್ದನ್ನು ಆಚೀಚೆ ಎಸೆದಾಡುತ್ತಿವೆ ಅಂತ ಅರ್ಥ. ಎರಡರಲ್ಲಿ ಒಂದು ಗೋಡೆಗೆ ಪುಸ್ತಕದ ಕಪಾಟು ಇಟ್ಟರೂ ಸಾಕು. ಪುಸ್ತಕಗಳು ಒಂದೇ ಸಾಲಿನಲ್ಲಿ ನೀಟಾಗಿ ಇರುವುದಕ್ಕಿಂತ ಒಂದು ಹಿಂದೆ ಒಂದು ಮುಂದೆ ಇದ್ದರೆ ಸದ್ದು ಚದುರುತ್ತದೆ. (ಕಪಾಟು ಜೋಡಿಸಲು ಸೋಮಾರಿತನ ಇರುವವರಿಗೆ ಒಳ್ಳೆಯ ನೆಪ.)

ಪಕ್ಕದ ಗೋಡೆಯ ಪ್ರತಿಫಲನ ಎಲ್ಲಿ ಅಂತ ಹುಡುಕಲು ಕನ್ನಡಿ ಬೇಕು. ನೀವು ಕೂತಿರಿ, ಇನ್ನೊಬ್ಬರು ಗೋಡೆಗುಂಟ ಕನ್ನಡಿ ಸರಿಸಲಿ. ಯಾವ ಜಾಗದಲ್ಲಿ ಸ್ಪೀಕರ್ ಕಾಣುತ್ತದೋ ಅದೇ ಜಾಗ. ಹೀಗೆ ಸುತ್ತಿ ಬರುವ ಸದ್ದು 1 ಮೀಟರ್ ಜಾಸ್ತಿ ನಡೆದರೆ ಸುಮಾರು 3 ಮಿಲಿಸೆಕೆಂಡ್ ತಡ. ಇಷ್ಟು ಸಣ್ಣ ಅಂತರವನ್ನು ಕಿವಿ ಪ್ರತಿಧ್ವನಿ ಅಂತ ಗುರುತಿಸುವುದಿಲ್ಲ, ನೇರ ಸದ್ದಿನ ಜೊತೆ ಬೆರೆಸಿಬಿಡುತ್ತದೆ. ಹಾಗಾಗಿ ಅದನ್ನು ಕೊಂದೇ ತೀರಬೇಕು ಅನ್ನುವ ಹಟ ನನಗಿಲ್ಲ. ಎಷ್ಟೋ ಸಲ ಅದು ಹಾಡಿಗೆ ವಿಸ್ತಾರ ಕೊಡುತ್ತದೆ. ನನಗೆ ತಲೆನೋವು ಅನ್ನಿಸುವುದು ಎಡ ಬಲ ಬೇರೆ ಬೇರೆ ಇದ್ದಾಗ. ಎಡಕ್ಕೆ ದೊಡ್ಡ ಗಾಜಿನ ಕಿಟಕಿ, ಬಲಕ್ಕೆ ತೆರೆದ ಬಾಗಿಲು ಇದ್ದರೆ ನಡುವೆ ನಿಲ್ಲಬೇಕಾದ ಗಾಯಕಿ ಕಿಟಕಿಯ ಕಡೆ ವಾಲುತ್ತಾಳೆ. ದಪ್ಪ ಪರದೆಯನ್ನು ಬಿಗಿಯಾಗಿ ಎಳೆಯದೆ ನೆರಿಗೆ ಬೀಳುವಂತೆ ಹಾಕಿದರೆ ಅರ್ಧ ಸರಿಹೋಗುತ್ತದೆ.

ಟೀಪಾಯಿಯನ್ನು ಕೇಳುವ ಹೊತ್ತಿನಲ್ಲಿ ಪಕ್ಕಕ್ಕೆ ಸರಿಸಿಬಿಡಿ. ಅದರ ಮೇಲ್ಮೈಯಿಂದ ಪುಟಿದ ಸದ್ದು ಎಲ್ಲ ಗೋಡೆಗಳಿಗಿಂತ ಮೊದಲು ಕಿವಿಗೆ ಬರುತ್ತದೆ. ಆ ಖಾಲಿ ನೆಲಕ್ಕೆ ದಪ್ಪ ಕಾರ್ಪೆಟ್. ಟ್ವೀಟರ್ (ಸ್ಪೀಕರಿನಲ್ಲಿ ಮೇಲಿನ ಸ್ವರ ಹೊರಡಿಸುವ ಚಿಕ್ಕ ಭಾಗ) ಕಿವಿಯ ಎತ್ತರಕ್ಕಿರಲಿ, ಎರಡು ಸ್ಪೀಕರ್ ಮತ್ತು ನೀವು ಸಮಭುಜ ತ್ರಿಕೋನವಾಗಿರಿ. ಇದು ಎಲ್ಲರಿಗೂ ಗೊತ್ತು, ಮಾಡುವವರು ಕಮ್ಮಿ.

ಜಾಸ್ತಿ ಹೊದಿಸಲೂಬಾರದು. 2-3 ಸೆಂಟಿಮೀಟರ್ ಫೋಮ್ ಚೆನ್ನಾಗಿ ಹೀರುವುದು ಸುಮಾರು 1000 ಹರ್ಟ್ಸ್‌ನಿಂದ ಮೇಲಕ್ಕೆ. ನಾಲ್ಕೂ ಗೋಡೆಗೆ ಅಂಟಿಸಿದರೆ ಗಾಯಕರು ಕಂಬಳಿ ಹೊದ್ದು ಹಾಡಿದಂತೆ ಕೇಳುತ್ತದೆ. ಮೊಟ್ಟೆ ಟ್ರೇ ಅಂತೂ ಅದಕ್ಕೂ ಬಾರದು. 100 ಹರ್ಟ್ಸ್‌ನ ಕಾಲು ಅಲೆಯೇ 86 ಸೆಂಟಿಮೀಟರ್, ಅದನ್ನು ಹಿಡಿಯಲು ಮೂಲೆಗಳಲ್ಲಿ ನಿಜಕ್ಕೂ ದಪ್ಪವಾದದ್ದೇ ಬೇಕು.

ಎಲ್ಲವನ್ನೂ ಈಕ್ವಲೈಸರ್‌ನಲ್ಲಿ (ಬೇರೆ ಬೇರೆ ಸ್ವರಗಳ ಮಟ್ಟ ಏರಿಸಿ ಇಳಿಸುವ ಸಾಧನ) ಸರಿ ಮಾಡುತ್ತೇನೆ ಅನ್ನುವವರಿಗೆ ಒಂದು ಮಾತು. ಉಬ್ಬನ್ನು ತಗ್ಗಿಸಬಹುದು, ಹಳ್ಳ ತುಂಬಲು ಆಗುವುದಿಲ್ಲ. 10 ಡೆಸಿಬಲ್ ಏರಿಸಲು ಹತ್ತು ಪಟ್ಟು ಪವರ್ ಬೇಕು, ನೇರ ಅಲೆ ಏರಿದಷ್ಟೇ ಅದನ್ನು ಅಳಿಸುವ ಅಲೆಯೂ ಏರುತ್ತದೆ. ಆಂಪ್ಲಿಫೈಯರ್ ಬಿಸಿಯಾಗುತ್ತದೆ, ಹಳ್ಳ ಅಲ್ಲೇ ಇರುತ್ತದೆ.

ಕೊನೆಗೆ ಅದೇ ಆ್ಯಪ್‌ನಲ್ಲಿ 30ರಿಂದ 200 ಹರ್ಟ್ಸ್‌ವರೆಗೆ ನಿಧಾನವಾಗಿ ಏರಿಸುತ್ತಾ ಕೋಣೆ ಸುತ್ತಿ. ಕಿಟಕಿ ಚಿಲಕ, ಫೋಟೊ ಫ್ರೇಮ್, ಕಪಾಟಿನ ಬಾಗಿಲು ಒಂದೊಂದೂ ತನ್ನ ಸ್ವರ ಬಂದಾಗ ಜುಯ್ ಅನ್ನುತ್ತದೆ. ಹಿಂದೆ ಒಂದು ಚೂರು ಫೆಲ್ಟ್ ಬಟ್ಟೆ ಸಿಕ್ಕಿಸಿದರೆ ಮುಗಿಯಿತು. ವೂಫರ್ ಹರಿದಿದೆ ಅಂತ ರಿಪೇರಿಗೆ ಬಂದ ಸ್ಪೀಕರುಗಳಲ್ಲಿ ಕೆಲವಕ್ಕೆ ಏನೂ ಆಗಿರುವುದಿಲ್ಲ, ಮನೆಗೆ ಹೋಗಿ ನೋಡಿದರೆ ಅದುರುತ್ತಿರುವುದು ಪಕ್ಕದ ಶೋಕೇಸಿನ ಗಾಜು.